ಹಿಡಿಕೆಯೊಳಗಿನ ನೆಟಿಕೆ

ನೆಟಿಕೆ ಮುರಿದ ಸದ್ದು. ಮಗುವಿಗೆ ದೃಷ್ಟಿ ನಿವಾಳಿಸಿ, ಬೆರಳು ಮಡಚಿ ಹಣೆಯ ಬದಿಗೆ ಒತ್ತಿದಾಗ ಬರುತ್ತದಲ್ಲ, ಅಂಥದ್ದು. ಆದರೆ ಒಂದೇ ಬೆರಳಿನದು, ಸಣ್ಣದು. ಗಂಗಾವತಿಯ ಅಕ್ಕಿ ಗಿರಣಿಯೊಂದರ ಖಾಲಿ ಗೋದಾಮಿನಲ್ಲಿ ಅದನ್ನು ಮೊದಲು ಕೇಳಿದಾಗ ನಾನು ಹುಡುಗಿಯ ಪಕ್ಕಕ್ಕೆ, ಒಂದು ಹೆಜ್ಜೆ ಹಿಂದೆ ನಿಂತಿದ್ದೆ. ಅವಳ ಎರಡೂ ಕೈ ನನಗೆ ಕಾಣುತ್ತಿದ್ದವು. ಬಲಗೈಯಲ್ಲಿ ಪಿಸ್ತೂಲು, ಎಡಗೈ ಸೊಂಟದ ಬೆಲ್ಟಿಗೆ ಸಿಕ್ಕಿಸಿದ್ದು. ಅವಳ ಯಾವ ಬೆರಳೂ ನೆಟಿಕೆ ಮುರಿದಿರಲಿಲ್ಲ. ಸದ್ದು ಬಂತು, ಅದರ ಬೆನ್ನಿಗೇ ಪೆಲ್ಲೆಟ್ ಹಾರಿತು, ಟಾರ್ಗೆಟ್ಟಿನ ಕೆಳಗೆ ಎಡಕ್ಕೆ ಹೋಗಿ ಕೂತಿತು.

"ಕೇಳಿಸ್ತೇನ್ರಿ ಮೇಡಂ?" ಅಂದಳು ಹುಡುಗಿ, ತಿರುಗದೆ.

"ಏನು?"

"ಕೇಳಿಸೇತಿ ನಿಮಗ. ದನಿಯಾಗ ಗೊತ್ತಾಗತೈತಿ. ನಮ್ಮ ಭೈಯಾ ಹೊಡಿಯೂಕಿಂತ ಮೊದಲ ಹಿಂಗ ನೆಟಿಗಿ ಮುರೀತಿದ್ದ."

ಅವಳ ಅಣ್ಣ ತೀರಿಕೊಂಡು ಆಗಲೇ ಒಂದು ಮಳೆಗಾಲ ಕಳೆದಿತ್ತು.

ಆ ಪಿಸ್ತೂಲು ನನ್ನ ಬೆಂಚಿಗೆ ಬಂದದ್ದು ಅದಕ್ಕೂ ಕೆಲವು ವಾರ ಮೊದಲು. ಗಂಗಾವತಿಯಿಂದ ಒಂದು ಬಸ್ಸಿನ ದೂರದ ಭಾಗ್ಯನಗರದಲ್ಲಿ ನನ್ನ ಮನೆಯ ಮುಂದಿನ ಕೋಣೆಯೇ ವರ್ಕ್‌ಶಾಪು. ಗಂಡ ಇದ್ದಾಗ ಅಲ್ಲಿ ಎಲ್ಲ ಬಗೆಯ ಬಂದೂಕು ರಿಪೇರಿಗೆ ಬರುತ್ತಿದ್ದವು. ಅವರ ನಂತರ ನಾನು ಉಳಿಸಿಕೊಂಡದ್ದು ಸ್ಪರ್ಧೆಯ ಏರ್ ರೈಫಲ್, ಏರ್ ಪಿಸ್ತೂಲು ಮಾತ್ರ. ಮದ್ದಿಲ್ಲ, ಹೊಗೆಯಿಲ್ಲ. ಒತ್ತಿ ತುಂಬಿದ ಗಾಳಿ ಸೀಸದ ಒಂದು ಕಾಳನ್ನು ದೂಡುತ್ತದೆ, ದಟ್ಸ್ ಆಲ್. ಕಾನ್ವೆಂಟಿನಲ್ಲಿ ಓದುವಾಗ ಎನ್‌ಸಿಸಿ ರೈಫಲ್ ಹಿಡಿದವಳು ನಾನು. ಕ್ವಾಯರಿನಲ್ಲಿ ಸಿಸ್ಟರ್ ಹೇಳಿಕೊಟ್ಟದ್ದೂ ಬೆಂಚಿನ ಮುಂದೆ ಗಂಡ ಹೇಳಿಕೊಟ್ಟದ್ದೂ ಕೊನೆಗೆ ಒಂದೇ ಆಯಿತು: ಉಸಿರನ್ನು ಅರ್ಧಕ್ಕೆ ನಿಲ್ಲಿಸುವುದು, ಆತುರಪಡದಿರುವುದು.

ತಾಯಿ ಮಗಳು ಬಸ್ಸಿನಲ್ಲಿ ಬಂದಿದ್ದರು. ಪಿಸ್ತೂಲು ಟವೆಲ್ಲಿನಲ್ಲಿ ಸುತ್ತಿ ಕಾಲೇಜು ಬ್ಯಾಗಿನಲ್ಲಿತ್ತು. ತಂದೆ ಗಿರಣಿಯ ಬಾಯ್ಲರ್ ನೋಡಿಕೊಳ್ಳುವವನು. ಭತ್ತ ಕುದಿಸಲು ಹೊಟ್ಟು ಉರಿಸಿ ಉಗಿ ಎಬ್ಬಿಸುವ ಕೆಲಸ. ಮಾಲೀಕರು ಸುಗ್ಗಿಯ ಭತ್ತ ಬರುವವರೆಗೆ ಒಂದು ಗೋದಾಮನ್ನು ಮಕ್ಕಳ ಪ್ರಾಕ್ಟೀಸಿಗೆ ಬಿಟ್ಟುಕೊಟ್ಟಿದ್ದರು. ಪಿಸ್ತೂಲನ್ನು ಸೆಕೆಂಡ್ ಹ್ಯಾಂಡ್ ತಂದವನು ಅಣ್ಣ, ತಂಗಿಗೆ ಹೇಳಿಕೊಟ್ಟವನೂ ಅವನೇ. ಬೇಸಿಗೆಯಲ್ಲಿ ಕಾಲುವೆಗೆ ಈಜಲು ಇಳಿದವನು ಮೇಲೆ ಬರಲಿಲ್ಲ.

"ಭೈಯಾ ಇದ್ದಾಗ ಇದು ಛಲೋ ಇತ್ರಿ," ಅಂದಳು ಹುಡುಗಿ. "ಹಿಡಿಕಿ ನನಗ ದೊಡ್ಡದು, ಆದ್ರ ರೂಢಿ ಆಗಿತ್ತು. ಈಗ ಎಷ್ಟ ಹೊಡದ್ರೂ ಎಡಕ್ಕ, ಕೆಳಗ. ಇನ್ನ ಎರಡ ತಿಂಗಳಿಗೆ ಸ್ಟೇಟ್ ಸೆಲೆಕ್ಷನ್ ಐತ್ರಿ. ರೈಲ್ವೇದಾಗ ಸ್ಪೋರ್ಟ್ಸ್ ಕೋಟಾಕ್ಕ ಈ ವರ್ಷ ಬಿಟ್ರ ನನ್ನ ವಯಸ್ಸು ಮುಗೀತು."

"ಬೇರೆ ಪಿಸ್ತೂಲು?"

ಅವಳು ನಕ್ಕಳು. "ಬ್ಯಾರೆ ಪಿಸ್ತೂಲ ಇದ್ರ ನಿಮ್ಮತ್ರ ಯಾಕ ಬರ್ತಿದ್ವಿ."

ನಾನು ಪಿಸ್ತೂಲನ್ನು ಕೈಗೆ ತೆಗೆದುಕೊಂಡಾಗ ತಾಯಿ, "ಮೆಲ್ಲಕ ಹಿಡೀರಿ ಅಕ್ಕೋರ," ಅಂದರು. ನಮ್ಮ ಕಡೆ ಶಾಲೆಯ ಟೀಚರನ್ನು ಹಾಗೆ ಕರೆಯುತ್ತಾರೆ. ನಾನು ಟೀಚರಲ್ಲ ಅಂತ ಹೇಳಲು ಹೋಗಲಿಲ್ಲ.

ಗುರಿ ತಪ್ಪುವ ಪಿಸ್ತೂಲನ್ನು ನೋಡುವುದಕ್ಕೆ ಒಂದು ಕ್ರಮವಿದೆ. ಮೊದಲು ಮನುಷ್ಯನಿಲ್ಲದ ಪಿಸ್ತೂಲು, ಆಮೇಲೆ ಗುಂಡಿಲ್ಲದ ಮನುಷ್ಯ, ಕೊನೆಗೆ ಇಬ್ಬರೂ ಒಟ್ಟಿಗೆ. ಹೊಡೆತಗಳು ಚೆದುರಿ ಬಿದ್ದರೆ ನಳಿಕೆಯನ್ನೋ ಪೆಲ್ಲೆಟ್ಟನ್ನೋ ಸಂಶಯಪಡಬೇಕು. ಒಂದರ ಮೇಲೊಂದು ಬಿದ್ದು, ಬಿದ್ದ ಜಾಗ ಮಾತ್ರ ತಪ್ಪಾಗಿದ್ದರೆ ಪಿಸ್ತೂಲು ಆರೋಗ್ಯವಾಗಿದೆ, ಬೇರೆ ಯಾರೋ ಅದಕ್ಕೆ ತಪ್ಪು ದಾರಿ ತೋರಿಸುತ್ತಿದ್ದಾರೆ ಅಂತ ಅರ್ಥ. ಹುಡುಗಿ ತಂದಿದ್ದ ಹಳೆಯ ಕಾಗದದ ಟಾರ್ಗೆಟ್ಟುಗಳಲ್ಲಿ ತೂತುಗಳು ಎಷ್ಟು ಒತ್ತೊತ್ತಾಗಿ ಇದ್ದವೆಂದರೆ ಎಡಮೂಲೆಯಲ್ಲಿ ಯಾರೋ ಬೆರಳು ತೂರಿಸಿ ತೆಗೆದಂತೆ ಕಾಣುತ್ತಿತ್ತು.

ನಳಿಕೆಯ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಅಂಚಿನಲ್ಲಿ ಕಚ್ಚು ಇರಲಿಲ್ಲ. ಟ್ರಿಗರಿಗೆ ತೂಕ ನೇತು ಹಾಕಿ ನೋಡಿದೆ, ನಿಯಮದಷ್ಟೇ ಇತ್ತು. ಗುರಿ ಹಿಡಿಯುವ ಹಿಂದಿನ ಸೈಟ್ ಅಲ್ಲಾಡುತ್ತಿರಲಿಲ್ಲ. ಆಮೇಲೆ ಹಿಡಿಕೆಯನ್ನು ಮುಟ್ಟದೆ, ಲೋಹದ ಮೈಯನ್ನೇ ಚರ್ಮದ ತುಂಡಿನಲ್ಲಿ ಸುತ್ತಿ ಬೆಂಚಿನ ಮೇಲಿನ ದೊಡ್ಡ ಇಕ್ಕಳಕ್ಕೆ, ವೈಸಿಗೆ, ಬಿಗಿದು ಪಡಸಾಲೆಯ ಉದ್ದಕ್ಕೂ ಹೊಡೆದೆ. ನಟ್ಟನಡುವೆ. ಹುಡುಗಿಯ ಕೈಗೆ ಕೊಟ್ಟೆ. ಒಂದೆರಡು ಹೊಡೆತ ಅತ್ತಿತ್ತ ಹೋಗಿ ಅವಳದೂ ನಡುವಿಗೇ ಬಂತು. ಅವಳು ಪಿಸ್ತೂಲು ಕೆಳಗಿಟ್ಟು ಟಾರ್ಗೆಟ್ಟನ್ನೇ ನೋಡುತ್ತ ನಿಂತಳು.

"ಇಲ್ಲಿ ಯಾಕ ಛಲೋ ಹೊಡಿತೈತಿ?" ಅಂದಳು. ಖುಷಿಯಿಂದ ಕೇಳಿದ್ದಲ್ಲ ಅದು.

ನರ್ವಸ್ ಆಗಿರಬೇಕು, ಅಣ್ಣನ ಜಾಗದಲ್ಲಿ ನಿಂತು ಹೊಡೆಯುವಾಗ ಮೈ ಬಿಗಿಯುತ್ತಿರಬೇಕು ಅಂದುಕೊಂಡೆ. ಖಾಲಿ ಪಿಸ್ತೂಲಿನ ಮೂತಿಯ ಮೇಲೆ ನಾಣ್ಯ ಇಟ್ಟು, ಅದು ಬೀಳದ ಹಾಗೆ ಟ್ರಿಗರ್ ಎಳೆಯುವ ಅಭ್ಯಾಸ ಹೇಳಿಕೊಟ್ಟು ಕಳಿಸಿದೆ. ನಾಣ್ಯ ಬೀಳಲಿಲ್ಲವಂತೆ. ಗಂಗಾವತಿಯಲ್ಲಿ ಪೆಲ್ಲೆಟ್ ಮತ್ತೆ ಎಡಕ್ಕೇ ಹೋಯಿತು. ಫೋನಿನಲ್ಲಿ ಅವಳ ದನಿ ತುಂಬ ತಗ್ಗಿತ್ತು. "ನೀವ ಬಂದು ನೋಡ್ರಿ ಮೇಡಂ. ಇಲ್ಲಿ ಬ್ಯಾರೆ ಏನೋ ಐತಿ."

ಹೋದೆ. ಹೇಮಗುಡ್ಡದ ಕಡೆಯ ಬಂಡೆಗಳನ್ನು ದಾಟಿದ ಮೇಲೆ ಬಸ್ಸಿನ ಕಿಟಕಿಯ ಗಾಳಿಯೇ ಬದಲಾಗುತ್ತದೆ. ಒಣ ಗಾಳಿ ಹೋಗಿ ಗದ್ದೆಯ ತಂಪು ಮುಖಕ್ಕೆ ಬರುತ್ತದೆ. ಆ ದಿನ ಅದನ್ನು ಗಮನಿಸಿದ್ದೆ, ಆದರೆ ಅದರಿಂದ ಏನೂ ಹೊಳೆಯಲಿಲ್ಲ.

ಗೋದಾಮು ಉದ್ದವಾಗಿತ್ತು, ಕಿಟಕಿಗಳು ಛಾವಣಿಯ ಹತ್ತಿರ. ಒಂದು ತುದಿಯಲ್ಲಿ ಖಾಲಿ ಚೀಲಗಳ ರಾಶಿ, ಇನ್ನೊಂದು ತುದಿಯಲ್ಲಿ ಟಾರ್ಗೆಟ್. ಪಕ್ಕದ ಬಾಯ್ಲರಿನಿಂದ ಉಗಿ ಗೋಡೆಯ ಮೇಲಿನ ಸಂದಿನಲ್ಲಿ ಇಳಿದು ಬಂದು ನೆಲದ ಮೇಲೆ ಹರಡುತ್ತಿತ್ತು. ನಡುಮಧ್ಯಾಹ್ನವಾದರೂ ಟಾರ್ಗೆಟ್ಟಿನ ಬಲ್ಬು ಮಂಜಿನೊಳಗಿಂದ ನೋಡುತ್ತಿರುವಂತೆ ಇತ್ತು. ಕುದಿದ ಭತ್ತದ ವಾಸನೆ. ಎಡಗೋಡೆಯ ಆಚೆ ಕಾಲುವೆ; ನೀರು ಕಾಣುವುದಿಲ್ಲ, ಅದು ಹರಿಯುವುದು ಮಾತ್ರ ಕೇಳಿಸುತ್ತದೆ.

ಆಗಲೇ ನಾನು ಹೇಳಿದ ಆ ನೆಟಿಕೆ ಕೇಳಿಸಿದ್ದು. ನಾನೇ ಪಿಸ್ತೂಲು ತೆಗೆದುಕೊಂಡೆ. ನನ್ನ ವಯಸ್ಸಾದ ಕೈ, ಗಂಟುಗಳು ಊದಿದ ಬೆರಳು. ನನ್ನ ತಪ್ಪು ನನ್ನದೇ ರೀತಿಯಲ್ಲಿ, ಸಾಮಾನ್ಯವಾಗಿ ಬಲಕ್ಕೆ ಹೋಗುತ್ತದೆ. ಟ್ರಿಗರ್ ಬಿಗಿಯುತ್ತ ಬಂದಂತೆ ಅಂಗೈಯ ಬುಡದಲ್ಲಿ ಏನೋ ಕದಲಿತು. ಟಿಕ್. ಹಿಡಿದ ಕೈಯನ್ನು ಇನ್ನೊಂದು ಕೈ ಮೆಲ್ಲಗೆ ಒತ್ತಿದ ಹಾಗೆ. ಟಾರ್ಗೆಟ್ ತಂದು ನೋಡಿದರೆ ನನ್ನ ಪೆಲ್ಲೆಟ್ಟುಗಳೂ ಹುಡುಗಿಯ ಪೆಲ್ಲೆಟ್ಟುಗಳ ಪಕ್ಕದಲ್ಲೇ, ಕೆಳಗೆ ಎಡಕ್ಕೆ, ಕಾಲುವೆಯ ಕಡೆಗೆ.

ಫ್ರ್ಯಾಂಕ್ಲಿ, ಇಬ್ಬರು ಬೇರೆ ಬೇರೆ ಮನುಷ್ಯರು ಒಂದೇ ತಪ್ಪು ಮಾಡುವುದಿಲ್ಲ.

ಹುಡುಗಿಯ ತಂದೆ ಬಾಯ್ಲರಿನ ಕಡೆಯಿಂದ ಬಂದು ಬಾಗಿಲಲ್ಲಿ ನಿಂತು ಮುಖ ಒರೆಸಿಕೊಳ್ಳುತ್ತಿದ್ದ. "ಏನಾತ್ರಿ ಮೇಡಂರ? ನಿಮ್ಮನ್ನೂ ಎಳೀತೇನ?"

"ಸೈಟ್ ನೋಡಬೇಕು," ಅಂದೆ.

"ನೋಡ್ರಿ ನೋಡ್ರಿ. ಅಕಿ ಅಮ್ಮಿ ದರ್ಗಾದ್ದು ದಾರ ತಂದು ಕಟ್ಟ್ಯಾಳ, ಆಜೂಬಾಜೂ ಮಂದಿ ನಿಂಬಿಹಣ್ಣ ತಂದು ಕೊಟ್ಟಾರ. ಇನ್ನ ನಿಮ್ಮ ಸ್ಕ್ರೂಡ್ರೈವರ್ ಒಂದ ಬಾಕಿ ಇತ್ತು." ತಮಾಷೆಗೆ ಹೇಳಿದ್ದು. ಆದರೆ ಹೊಸ್ತಿಲು ದಾಟಿ ಒಳಗೆ ಮಾತ್ರ ಬರಲಿಲ್ಲ.

ನಾನು ಸುಲಭದ ದಾರಿ ಹಿಡಿದೆ. ಹಿಂದಿನ ಸೈಟಿನ ಸ್ಕ್ರೂ ತಿರುಗಿಸಿದೆ. ಬಿದ್ದ ಜಾಗ ಎಡಕ್ಕಿದ್ದರೆ ಹಿಂದಿನ ಸೈಟನ್ನು ಬಲಕ್ಕೆ, ಕೆಳಕ್ಕಿದ್ದರೆ ಮೇಲಕ್ಕೆ. ಕ್ಲಿಕ್ ಕ್ಲಿಕ್ ಎಂದು ಅದು ಸರಿಯಿತು, ಹುಡುಗಿ ಹೊಡೆದಳು, ನಡುವಿಗೆ ಬಂತು. ಸಮಾಧಾನದಿಂದ ಊರಿಗೆ ಬಂದೆ. ವಾರ ಕಳೆಯುವುದರೊಳಗೆ ಮತ್ತೆ ಫೋನು. ನಾನು ಬಲಕ್ಕೆ ತಂದಷ್ಟನ್ನೂ ಅದು ಎಡಕ್ಕೆ ನಡೆದುಬಿಟ್ಟಿತ್ತು. ಮತ್ತೆ ಹೋಗಿ ತಿರುಗಿಸಿದೆ. ಮತ್ತೆ ನಡೆಯಿತು. ಸ್ಕ್ರೂ ಸಡಿಲಾಗಿರಬಹುದೆಂದು ಅದರ ತಲೆಗೆ ಉಗುರು ಬಣ್ಣದ ಚುಕ್ಕೆ ಇಟ್ಟು ಬಂದಿದ್ದೆ. ಚುಕ್ಕೆ ಕೂದಲೆಳೆಯಷ್ಟೂ ಕದಲಿರಲಿಲ್ಲ. ಪೆಲ್ಲೆಟ್ ಮಾತ್ರ ಕದಲಿತ್ತು.

ಅಷ್ಟರಲ್ಲಿ ಹುಡುಗಿ ಬೇರೆ ಒಂದು ಅಭ್ಯಾಸಕ್ಕೆ ಬಿದ್ದಿದ್ದಳು. ಬೇಕೆಂದೇ ಮೇಲೆ ಬಲಕ್ಕೆ ಗುರಿ ಇಡುವುದು, ಅಣ್ಣ ಎಳೆದುಕೊಂಡು ನಡುವಿಗೆ ತರಲಿ ಎಂದು. ಸೆಲೆಕ್ಷನ್ ರೇಂಜಿನಲ್ಲಿ ಇದು ನಡೆಯುವುದಿಲ್ಲ, ಅಲ್ಲಿ ಪಿಸ್ತೂಲು ಹೇಗೆ ವರ್ತಿಸುತ್ತದೋ ಯಾರಿಗೆ ಗೊತ್ತು ಅಂದೆ.

"ಗೊತ್ತೈತಿ ಮೇಡಂ. ಆದ್ರ ಕಣ್ಣಿಗಿಂತ ಅವನ್ನ ನಂಬೂದು ಸರಳ ಅನಸ್ತೈತಿ."

ಆ ಮಾತಿಗೆ ನನಗೆ ನಿಜವಾಗಿ ಹೆದರಿಕೆಯಾಯಿತು. ಕಣ್ಣನ್ನು ನಂಬದ ಶೂಟರ್ ಮುಗಿದಳೆಂದೇ ಅರ್ಥ. ಪಿಸ್ತೂಲನ್ನು ನನ್ನ ಜೊತೆ ಊರಿಗೆ ತೆಗೆದುಕೊಂಡು ಬಂದೆ. ತಾಯಿ ಬಸ್‌ಸ್ಟ್ಯಾಂಡಿನವರೆಗೂ ಬಂದು, "ಯಾವಾಗ ಕೊಡ್ತೀರಿ ಅಕ್ಕೋರ? ನಾಳಿಗೆ ಕೊಡ್ತೀರಿ?" ಎಂದು ಮಗಳಿಗಿಂತ ಹೆಚ್ಚು ಸಲ ಕೇಳಿದರು.

ವೈಸಿನಲ್ಲಿ ನೇರ, ಆ ಗೋದಾಮಿನಲ್ಲಿ ಯಾರ ಕೈಯಲ್ಲೂ ಓರೆ. ಹಾಗಿದ್ದರೆ ನಡುವೆ ಉಳಿದದ್ದು ಒಂದೇ: ಮರದ ಹಿಡಿಕೆ. ಅದನ್ನು ಇಷ್ಟು ದಿನ ನಾನು ಬಿಚ್ಚಿರಲಿಲ್ಲ. ಬುಡದ ಸ್ಕ್ರೂ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು ಕಾಯಿಸಿ ತೆಗೆಯುವುದರಲ್ಲಿ ಒಂದು ಬೆಳಗು ಹೋಯಿತು. ಸ್ಪರ್ಧೆಯ ಪಿಸ್ತೂಲಿನ ಹಿಡಿಕೆಯನ್ನು ಶೂಟರುಗಳು ತಮ್ಮ ಅಂಗೈಗೆ ತಕ್ಕ ಹಾಗೆ ತುಂಬಿಕೊಳ್ಳುತ್ತಾರೆ, ಕೆತ್ತಿಕೊಳ್ಳುತ್ತಾರೆ. ಎಲ್ಲೆಡೆ ಅದಕ್ಕೆ ರೆಸಿನ್ ಪುಟ್ಟಿ ಎಂಬ ಮೆದು ಅಂಟು ಬಳಸುವುದು ರೂಢಿ. ಒಮ್ಮೆ ಗಟ್ಟಿಯಾದರೆ ಕಲ್ಲು. ಈ ಹಿಡಿಕೆಯಲ್ಲಿ ತುಂಬಿದ್ದು ಅದಾಗಿರಲಿಲ್ಲ. ಕಂದು ಬಣ್ಣ, ಹಗುರ, ಉಗುರಿನಲ್ಲಿ ಕೆರೆದರೆ ಪುಡಿ. ಮೂಗಿಗೆ ಹಿಡಿದೆ. ಹುಣಸೆ ಬೀಜದ ಅಂಟು.

ಹುಡುಗಿಗೆ ಫೋನ್ ಮಾಡಿ ಕೇಳಿದೆ.

"ಹೂಂ ರಿ, ಭೈಯಾನ ಮಾಡಿದ್ದು. ಕಿನ್ನಾಳದಾಗ ಅವನ ದೋಸ್ತ ಗೊಂಬಿ ಮಾಡ್ತಾನಲ್ಲ, ಅವನ ಕಡೆ ಇಸ್ಕೊಂಡು ಬಂದು ತುಂಬಿದ್ದ. ಪುಟ್ಟಿಗೆ ರೊಕ್ಕ ಯಾಕ ಹಾಕಬೇಕು, ನಮ್ಮ ಕಡೆದ ಇದ ಛಲೋ ಐತಿ ಅಂತಿದ್ದ."

ಕಿನ್ನಾಳದ ಗೊಂಬೆ ನೋಡಿದವರಿಗೆ ಗೊತ್ತು. ಕಟ್ಟಿಗೆಯ ಪುಡಿ, ನಾರು, ಹುಣಸೆ ಬೀಜದ ಅಂಟು ಕಲಸಿದ ಮುದ್ದೆಯಿಂದ ದೇವರ ಮೂಗು, ಕಿವಿ, ಒಡವೆ ಎಲ್ಲ ತಿದ್ದುತ್ತಾರೆ. ಮೇಲೆ ಬಣ್ಣದ ಪದರು ಕೂತರೆ ತಲೆಮಾರು ಕಳೆದರೂ ಹಾಗೇ ಇರುತ್ತದೆ. ಗೊಂಬೆ ಒಣ ಮಾಡದಲ್ಲಿ ಕೂತಿರುತ್ತದೆ, ಅದಕ್ಕೆ ಬೆವರಿಲ್ಲ. ಅಣ್ಣ ಹಚ್ಚಿದ ಮೆರುಗು ಕೈಯ ಬೆವರಿಗೆ ಸವೆದು ಹೋಗಿತ್ತು. ಈ ಮುದ್ದೆ ಈಗ ಬರಿಮೈಯಲ್ಲಿ ಇತ್ತು.

ಹಬೆ. ಬಸ್ಸಿನ ಕಿಟಕಿಯಲ್ಲಿ ಬದಲಾದ ಗಾಳಿ ಆಗ ನೆನಪಾಯಿತು. ಅಡುಗೆಮನೆಗೆ ಹೋಗಿ ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿದೆ. ಮೇಲಿನ ತಟ್ಟೆಯಲ್ಲಿ ಹಿಡಿಕೆಯನ್ನು ಇಟ್ಟು, ಮುಚ್ಚಳ ಮುಚ್ಚದೆ, ಸ್ಟೂಲಿನ ಮೇಲೆ ಕೂತೆ. ಬಹಳ ಹೊತ್ತು ಏನೂ ಆಗಲಿಲ್ಲ. ಹೊರಗೆ ಯಾರೋ ಕೊತ್ತಂಬರಿ ಮಾರುತ್ತ ಹೋದರು. ಆಮೇಲೆ, ಯಾರೂ ಮುಟ್ಟದೆ, ಯಾವ ಟ್ರಿಗರೂ ಇಲ್ಲದೆ, ನನ್ನ ಒಲೆಯ ಮೇಲೆ ಅದು ನೆಟಿಕೆ ಮುರಿಯಿತು.

ಕಾರಣ ಗೊತ್ತಿದ್ದೂ ನಾನು ಎದ್ದು ನಿಂತೆ.

ನೋಡಿದರೆ, ತೇವ ಕುಡಿದ ಮುದ್ದೆ ಉಬ್ಬಿ ಒಂದು ಅಂಚಿನಲ್ಲಿ ಮರದಿಂದ ಬಿಟ್ಟು ಎದ್ದಿತ್ತು. ಬೆರಳಿಂದ ಒತ್ತಿದರೆ ಟಿಕ್ ಎಂದು ಕೂರುತ್ತಿತ್ತು, ಬಿಟ್ಟರೆ ಮೆಲ್ಲಗೆ ಏಳುತ್ತಿತ್ತು. ಟ್ರಿಗರ್ ಎಳೆಯುವಾಗ ಅಂಗೈ ಬಿಗಿಯುತ್ತದೆ. ಆ ಅಂಚು ಕೂರುತ್ತದೆ. ಪಿಸ್ತೂಲಿನ ಮೂತಿ ಕೂದಲೆಳೆಯಷ್ಟು ಕೆಳಗೆ, ಎಡಕ್ಕೆ ತಿರುಗುತ್ತದೆ. ನನ್ನ ಪಡಸಾಲೆಯ ಒಣ ಬಿಸಿಲಿನಲ್ಲಿ ಅದು ಒಣಗಿ ಮರಕ್ಕೆ ಕೂತಿರುತ್ತದೆ, ಆದ್ದರಿಂದ ನೇರ. ಎಲ್ಲ ತಾಳೆಯಾಯಿತು. ಒಂದನ್ನು ಬಿಟ್ಟು.

ಉಬ್ಬಿ ಇಳಿಯುವುದಾದರೆ ಗುರಿ ಒಂದೇ ಕಡೆ ತಪ್ಪಬೇಕು, ಮತ್ತೆ ಅಲ್ಲಿಗೇ ಬಂದು ನಿಲ್ಲಬೇಕು. ವಾರದಿಂದ ವಾರಕ್ಕೆ ನಡೆಯುತ್ತ ಯಾಕೆ ಹೋಗಬೇಕು? ದೀಪದ ಕೆಳಗೆ ಹಿಡಿಕೆಯನ್ನು ತಿರುಗಿಸಿ ನೋಡಿದೆ. ಬೆರಳು ಕೂರುವ ಕಡೆ ಅಗಲವಾದ ತಗ್ಗುಗಳು, ಗಂಡಸಿನ ಬೆರಳಿನವು. ಆ ಅಗಲ ತಗ್ಗಿನ ಒಳಗೆ ಇನ್ನೊಂದು, ಕಿರಿದಾದ, ಮೋಟಾದ ತಗ್ಗು, ಹೊಸದು, ಆಳ. ಹೆಬ್ಬೆರಳಿನ ಜಾಗದಲ್ಲೂ ಹಾಗೇ. ಹುಡುಗಿಯ ಬೆರಳು ಉದ್ದ, ತುದಿ ಚೂಪು. ಇದು ಅವಳದಲ್ಲ.

ಅವಳಿಗೆ ಹಬೆಯ ವಿಷಯ ಮಾತ್ರ ಹೇಳಿದೆ. ಪಿಸ್ತೂಲು ಜೋಡಿಸಿ ಕೊಟ್ಟು, ಹೊಡೆಯುವ ಹೊತ್ತು ಬಿಟ್ಟು ಉಳಿದಂತೆ ಅಕ್ಕಿ ತುಂಬಿದ ತಗಡಿನ ಡಬ್ಬಿಯಲ್ಲಿ ಹೂತು ಮುಚ್ಚಿಡಲು ಹೇಳಿದೆ. ಅಕ್ಕಿ ತೇವ ಎಳೆದುಕೊಳ್ಳುತ್ತದೆ. ಉಬ್ಬು ತಗ್ಗುತ್ತದೆ, ಸೆಲೆಕ್ಷನ್ ಮುಗಿಯುವವರೆಗೆ ತಡೆದರೆ ಸಾಕು ಅಂದುಕೊಂಡೆ. ಮುಂದಿನ ವಾರ ಇನ್ನೂ ಎಡಕ್ಕೆ ಹೋಗಿತ್ತು. ಹೊಡೆಯುವಾಗ ಬಿಟ್ಟು ಡಬ್ಬಿ ತೆಗೆದಿಲ್ಲ ಎಂದು ಹುಡುಗಿ ಆಣೆ ಮಾಡಿದಳು. ಸೆಲೆಕ್ಷನ್ ಆಗ ತೀರ ಹತ್ತಿರ ಬಂದಿತ್ತು.

ಹೇಳದೆ ಒಂದು ಮಧ್ಯಾಹ್ನ ಹೋದೆ. ಹುಡುಗಿ ಕಾಲೇಜಿಗೆ ಹೋಗಿರುವ ಹೊತ್ತು. ಬಾಯ್ಲರ್ ಜೋರಾಗಿ ನಡೆಯುತ್ತಿತ್ತು. ಗೋದಾಮಿನ ಬಾಗಿಲು ತೆಗೆದರೆ ಉಗಿಯಲ್ಲಿ ನನ್ನ ಕನ್ನಡಕ ಮಸುಕಾಯಿತು. ಕನ್ನಡಕ ತೆಗೆದೆ. ಒಳಗೆ ಯಾರೋ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ಒಬ್ಬರದೇ ದನಿ, ನಡುನಡುವೆ ಉತ್ತರಕ್ಕೆ ಕಾಯುವಂತೆ ನಿಲ್ಲುತ್ತಿತ್ತು. ಆ ನಿಂತ ಜಾಗದಲ್ಲಿ, ಟಿಕ್.

ತಾಯಿ ಖಾಲಿ ಚೀಲಗಳ ಮೇಲೆ ಕೂತಿದ್ದರು. ತಗಡಿನ ಡಬ್ಬಿ ಪಕ್ಕದಲ್ಲಿ ಬಾಯಿ ತೆರೆದಿತ್ತು. ಪಿಸ್ತೂಲಿನ ಮೂತಿ ನೆಲಕ್ಕಿತ್ತು. ಹಿಡಿಕೆ ಅವರ ಬಲಗೈಯಲ್ಲಿ, ಅದರ ಮೇಲೆ ಎಡಗೈ. ಆಸ್ಪತ್ರೆಯಲ್ಲಿ ಮಲಗಿದವರ ಕೈಯನ್ನು ಹಿಡಿದುಕೊಂಡು ಕೂರುತ್ತೇವಲ್ಲ, ಹಾಗೆ.

ನನ್ನನ್ನು ಕಂಡು ಬೆಚ್ಚಲಿಲ್ಲ. "ಬರ್ರಿ ಅಕ್ಕೋರ, ಕೂಡ್ರಿ," ಅಂದರು, ಮನೆಗೆ ಬಂದವರಿಗೆ ಹೇಳುವಂತೆ.

"ದಿನಾ ಬರ್ತೀರಾ?"

"ಉಗಿ ಇದ್ದಾಗ ಬರ್ತೀನ್ರಿ. ಉಗಿ ಇಲ್ಲದಾಗ ಬರೇ ಕಟಗಿ ಇರತೈತಿ. ಉಗಿ ಬಂತಂದ್ರ ಮೆತ್ತಗ ಆಕ್ಕೈತಿ. ಅವನ ಕೈ ಐತ್ರಿ ಇದರಾಗ, ಬೆರಳಿನ ಗುರುತ ಹಂಗ ಅದಾವ. ನಾ ಒತ್ತಿದ್ರ ಅಂವಾ ತಿರುಗಿ ಒತ್ತತಾನ. ನೋಡ್ರಿ." ನನ್ನ ಕೈ ಹಿಡಿದು ಹಿಡಿಕೆಯ ಮೇಲೆ ಇಟ್ಟರು. ಬಿಸಿ ಇತ್ತು. ಉಬ್ಬಿದ ಅಂಚು ನನ್ನ ಅಂಗೈಯ ಕೆಳಗೆ ಮೆಲ್ಲಗೆ ಎದ್ದಿತು. ಸತ್ಯ ಹೇಳಬೇಕೆಂದರೆ, ಅದು ಕೈಯ ಹಾಗೇ ಇತ್ತು.

ಆಮೇಲೆ ಅವರು ಮತ್ತೆ ತಮ್ಮ ಕೈಗೆ ತೆಗೆದುಕೊಂಡರು. ಆಗ ನೋಡಿದೆ. ಅವರ ಬೆರಳುಗಳು ಒಳಗಿನ ಆ ಕಿರಿದಾದ ತಗ್ಗುಗಳಲ್ಲಿ ಹೋಗಿ ಕೂತವು, ಹೆಬ್ಬೆರಳು ಹೆಬ್ಬೆರಳಿನ ಗುಳಿಯಲ್ಲಿ, ಸಂದಿಲ್ಲದೆ. ಮಗನ ಕೈಯೆಂದು ಹಿಡಿದು ಹಿಡಿದು, ಮೆತ್ತಗಾದ ಮುದ್ದೆಯಲ್ಲಿ ಮಗನ ಗುರುತನ್ನು ಅವರ ಕೈಯೇ ತುಂಬಿಕೊಂಡಿತ್ತು. ಇನ್ನು ಸ್ವಲ್ಪ ದಿನಕ್ಕೆ ಅಲ್ಲಿ ಅವನದೇನೂ ಉಳಿಯುತ್ತಿರಲಿಲ್ಲ. ಗುರಿ ವಾರ ವಾರ ನಡೆದದ್ದು ಅದಕ್ಕೆ.

"ಮಗಳ ಗುರಿ ತಪ್ಪೂದು ಇದರಿಂದೇನ್ರಿ?" ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ನನ್ನಿಂದ ಏನ್ರಿ ಅಕ್ಕೋರ?"

ಉತ್ತರ ನನ್ನ ಬಾಯಲ್ಲಿತ್ತು. ಕಾನ್ವೆಂಟಿನಲ್ಲಿ ಕಲಿತವಳು ನಾನು, ಸತ್ಯವನ್ನು ಮಡಚಿಡುವುದು ನನಗೆ ಸುಲಭವಲ್ಲ. ಬೆಂಚಿನ ಕ್ರಮದ ಪ್ರಕಾರ ಆ ಮುದ್ದೆಯನ್ನು ಕೆರೆದು ತೆಗೆದು, ಮರ ತೊಳೆದು, ಹುಡುಗಿಯ ಕೈಗೆ ಹೊಸ ಪುಟ್ಟಿ ತುಂಬಬೇಕು. ಅರ್ಧ ದಿನದ ಕೆಲಸ. ಕೆರೆಯುವ ಉಳಿ ನನ್ನ ಬ್ಯಾಗಿನಲ್ಲೇ ಇತ್ತು, ತುದಿ ಹೊರಗೆ ಕಾಣುತ್ತಿತ್ತು.

"ಉಗಿಯಿಂದ," ಅಂದೆ. "ಈ ಹಿಡಿಕಿ ಈ ಹವಾಕ್ಕ ಆಗೂದಿಲ್ಲ. ಮಗಳಿಗೆ ಬ್ಯಾರೆ ಹಿಡಿಕಿ ಮಾಡ್ತೀನಿ. ಇದನ್ನ ಒಣಗಿಸಿ ನಿಮಗ ಕೊಡ್ತೀನಿ, ನಿಮ್ಮ ಕಡೆನ ಇರಲಿ."

"ಕೆರಿಯಂಗಿಲ್ಲ?"

"ಇಲ್ಲ."

ಅವರು ಪಿಸ್ತೂಲನ್ನು ಸೆರಗಿನಿಂದ ಒರೆಸಿ ನನ್ನ ಮಡಿಲಿಗೆ ಇಟ್ಟರು. "ಅಕಿಗೆ ಹೇಳಬ್ಯಾಡ್ರಿ ನಾ ಇಲ್ಲಿ ಕೂಡ್ತೀನಂತ. ನಗತಾಳ."

ಮಗಳು ನಗುತ್ತಿರಲಿಲ್ಲ. ಆದರೂ ಹೇಳಲಿಲ್ಲ.

ಹೊಸ ಹಿಡಿಕೆಯನ್ನು ಸಾಗವಾನಿ ತುಂಡಿನಲ್ಲಿ ಮಾಡಿದೆ. ಹುಡುಗಿಯ ಅಂಗೈಯ ಅಚ್ಚನ್ನು ಚಪಾತಿ ಹಿಟ್ಟಿನಲ್ಲಿ ತೆಗೆದುಕೊಂಡು, ಒರಟು ಅರ, ಸಣ್ಣ ಅರ, ಉಪ್ಪುಕಾಗದ, ಸಂದುಗಳಿಗೆ ರೆಸಿನ್. ಅರದ ಮರದ ಹಿಡಿ ನನ್ನ ಗಂಡನದು. ಅವರ ಹೆಬ್ಬೆರಳು ಸವೆಸಿದ ಗುಳಿ ಅದರಲ್ಲಿದೆ, ಕೆಲಸಕ್ಕೆ ಕೂತಾಗಲೆಲ್ಲ ನನ್ನ ಹೆಬ್ಬೆರಳು ಅಲ್ಲಿ ಹೋಗಿ ಕೂರುತ್ತದೆ. ಸರಿಯಾಗಿ ಕೂರುತ್ತದೆ. ಇಷ್ಟು ವರ್ಷ ಅದನ್ನೊಂದು ಸಮಾಧಾನ ಅಂದುಕೊಂಡಿದ್ದೆ. ಅವರ ಕೈ ನನ್ನ ಕೈಗಿಂತ ಎಷ್ಟು ದೊಡ್ಡದಿತ್ತೆಂದು ಆ ದಿನ ಬೆಂಚಿನಲ್ಲಿ ನೆನಪಾಯಿತು. ಅರ ಕೆಳಗಿಟ್ಟೆ. ಟೀ ಕುಡಿದು ಬಂದು ಮತ್ತೆ ತೆಗೆದುಕೊಂಡೆ. ಬೇರೆ ಅರ ಇರಲಿಲ್ಲ.

ಹಳೆಯ ಹಿಡಿಕೆಯನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸಿದೆ. ಎದ್ದ ಅಂಚಿಗೆ ಅಂಟು ಬಿಟ್ಟು ಕೂರಿಸಿ, ಅರಗಿನ ಮೆರುಗನ್ನು ಪದರು ಪದರಾಗಿ ಕೊಟ್ಟೆ, ಇನ್ನು ಯಾವ ಉಗಿಯೂ ಒಳಹೋಗದ ಹಾಗೆ. ಉಳಿದಷ್ಟು ಮಗನಾದರೂ ಉಳಿಯಲಿ.

ಹೊಸ ಹಿಡಿಕೆ ಹಾಕಿ ಗೋದಾಮಿನಲ್ಲಿ ಹೊಡೆದ ಮೊದಲ ದಿನ ಹುಡುಗಿ ಪೂರ್ತಿ ಕೆಟ್ಟದಾಗಿ ಹೊಡೆದಳು. ಎಲ್ಲ ಚೆದುರಿ ಹೋದವು, ಮೇಲೆ, ಕೆಳಗೆ, ಬಲಕ್ಕೆ. ಅವಳ ಟ್ರಿಗರ್ ಬೆರಳನ್ನೇ ನೋಡುತ್ತ ನಿಂತೆ. ಅರ್ಧ ಎಳೆದು ನಿಲ್ಲುತ್ತಿತ್ತು ಬೆರಳು. ಕೈ ನಡುಗಲು ಶುರುವಾಗುವವರೆಗೂ ನಿಲ್ಲುತ್ತಿತ್ತು.

"ಏನು ಕಾಯ್ತಿದ್ದಿ?"

"ಗೊತ್ತಿಲ್ರಿ." ಆಮೇಲೆ, "ಸಪ್ಪಳ ಬರವಲ್ದು," ಅಂದಳು.

ಅಣ್ಣನ ನೆಟಿಕೆಗಾಗಿ ಕಾಯುತ್ತಿದ್ದಳು. ಅದನ್ನು ಯಾವ ಸ್ಕ್ರೂ ತಿರುಗಿಸಿಯೂ ಸರಿ ಮಾಡಲಾಗುವುದಿಲ್ಲ. ಟಾರ್ಗೆಟ್ ತೆಗೆದು ಬರಿಗೋಡೆಗೆ ಹೊಡೆಸಿದೆ, ಕಣ್ಣು ಮುಚ್ಚಿಸಿ ಬರೀ ಉಸಿರು ಎಣಿಸಿ ಟ್ರಿಗರ್ ಎಳೆಸಿದೆ, ಸೆಲೆಕ್ಷನ್ನಿಗೆ ಹೊರಡುವ ಹಿಂದಿನ ದಿನದವರೆಗೂ. ಆ ಕಾಯುವುದು ಎಂದು ಬಿಟ್ಟಿತೋ ಗೊತ್ತಿಲ್ಲ. ಒಂದು ಬೆಳಿಗ್ಗೆ ಅವಳ ಬೆರಳು ನಿಲ್ಲಲಿಲ್ಲ, ಸಾಗಿತು. ಟಾರ್ಗೆಟ್ಟಿನ ಕರಿ ಚುಕ್ಕೆಯ ನಡುವೆ ಒಂದೇ ತೂತು ಅಗಲವಾಗುತ್ತ ಹೋಯಿತು. ತಂದೆ ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಬಂದು, ತೂತಿನಲ್ಲಿ ಕಣ್ಣಿಟ್ಟು ನೋಡಿ, "ಆಕಡೆ ಬಾಯ್ಲರ್ ಕಾಣಸ್ತೈತಿ ನೋಡು," ಅಂದ.

ಅವಳು ಸ್ಟೇಟ್ ಟೀಮಿಗೆ ಆಯ್ಕೆಯಾದಳು. ಕೆಲಸವೂ ಸಿಕ್ಕಿತು, ಈಗ ಹುಬ್ಬಳ್ಳಿಯಲ್ಲಿದ್ದಾಳೆ. ಗೋದಾಮಿನಲ್ಲಿ ಆ ಸುಗ್ಗಿಗೇ ಭತ್ತ ತುಂಬಿತು.

ಹಳೆಯ ಹಿಡಿಕೆಯನ್ನು ತಾಯಿಗೆ ಕೊಟ್ಟ ದಿನ ಅವರು ಅದನ್ನು ಒಂದು ಸಲ ಒತ್ತಿ ನೋಡಿ, "ಈಗ ಒತ್ತಂಗಿಲ್ಲ," ಅಂದಿದ್ದರು, ಅಷ್ಟೇ. ನಾನು ಮಾಡಿದ್ದು ಸರಿಯೋ ಎಂಬ ಪ್ರಶ್ನೆ ಬಸ್ಸಿನಲ್ಲಿ ನನ್ನ ಜೊತೆ ಬಂತು, ಅನೇಕ ದಿನ ಮನೆಯಲ್ಲೂ ಇತ್ತು.

ಅವರನ್ನು ಕೊನೆಯ ಸಲ ನೋಡಿದ್ದು ಹೋದ ಮಳೆಗಾಲದಲ್ಲಿ. ಕಾಯಿಲೆ ಬಿದ್ದಿದ್ದಾರೆ ಎಂದು ಹುಡುಗಿ ಫೋನ್ ಮಾಡಿದ್ದಳು, ಗಂಗಾವತಿಗೆ ಹೋಗಿದ್ದೆ. ಗಿರಣಿಯ ಹಿಂದಿನ ಮನೆಯಲ್ಲಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ದಿಂಬಿನ ಕೆಳಗಿನಿಂದ ಹಿಡಿಕೆಯನ್ನು ತೆಗೆದು ಕೈಯಲ್ಲಿ ಹಿಡಿದರು. ಬಡಕಲಾದ ಆ ಬೆರಳುಗಳು ತಾವೇ ಮಾಡಿದ ತಗ್ಗುಗಳಲ್ಲಿ ಈಗ ಸಡಿಲವಾಗಿ ಅಲ್ಲಾಡುತ್ತಿದ್ದವು, ಸುತ್ತ ಜಾಗ ಉಳಿದಿತ್ತು.

"ನೋಡ್ರಿ ಅಕ್ಕೋರ," ಅಂದರು. ಮುಖದಲ್ಲಿ ಬೆಳಕಿತ್ತು. "ಮೊದಲ ನನ್ನ ಕೈಯಷ್ಟ ಇತ್ತು ಅವನ ಕೈ. ಈಗ ನನಗಿಂತ ದೊಡ್ಡದಾಗೈತಿ. ಬೆಳಿಯಾಕತ್ಯಾನ ಒಳಗ."

ನಾನು ಹಿಡಿಕೆಯನ್ನು ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ನನ್ನ ಕೆಲಸದ ಕನ್ನಡಕ ಹಾಕಿಕೊಂಡು ಚೆನ್ನಾಗಿ ನೋಡಿದೆ. ಹೌದು, ದೊಡ್ಡದಾಗಿದೆ ಅಂದೆ.